ನೆಲ ಡೊಂಕು, ಕೀಲು ಉದ್ದ

ಬೆಂಗಳೂರಿನ ಕಾಡುಗೋಡಿಯಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಕಾಣಲು ಅರ್ಧ ದಿನ ಬೇಕು. ಆದರೂ ಹಾಯಿದೋಣಿಯ ವಿಷಯದಲ್ಲಿ ಇಲ್ಲಿನಷ್ಟು ಖಡಾಖಂಡಿತ ಅಭಿಪ್ರಾಯಗಳನ್ನು ನಾನು ಮಂಗಳೂರಿನ ಹಳೆ ಬಂದರಿನಲ್ಲೂ ಕೇಳಿಲ್ಲ. 2023ರ ಮಾರ್ಚ್‌ನಲ್ಲಿ ಇಲ್ಲಿಗೆ ಮೆಟ್ರೊ ಬಂತು. ಮರುತಿಂಗಳು, ಏಪ್ರಿಲ್ 29ರಂದು, ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಒಬ್ಬಂಟಿಯಾಗಿ ಭೂಮಿ ಸುತ್ತಿ ಎರಡನೆಯವರಾಗಿ ಫ್ರಾನ್ಸಿನ ಲೆ ಸಾಬ್ಲ್ ದೊಲೊನ್ ಬಂದರು ಮುಟ್ಟಿದರು. ಹೋಪ್ ಫಾರ್ಮ್ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಆ ವಾರ ಮೆಟ್ರೊ ಮಾತಿನ ನಡುವೆ ದೋಣಿಯ ಮಾತೂ ನುಸುಳಿತ್ತು. ‘ಗಟ್ಟಿ ಮನುಷ್ಯ’ ಎಂಬಲ್ಲಿ ಎಲ್ಲರಿಗೂ ಒಮ್ಮತ. ದೋಣಿಯ ಬಗ್ಗೆಯೂ ಒಮ್ಮತವೇ: ‘ಅದೊಂದು ಹಳೇ ಕಾಲದ ಉದ್ದ ಕೀಲಿನ ದೋಣಿ, ಎದುರುಗಾಳಿಗೆ ಹೋಗೋದೇ ಇಲ್ಲ.’ ಗೋವಾದಲ್ಲಿ ಹಳೆ ದೋಣಿಯೊಂದನ್ನು ನಾಲ್ಕಾರು ಜನ ಸೇರಿ ಕೊಳ್ಳುವ ಯೋಚನೆಯಲ್ಲಿದ್ದ ಸಾಫ್ಟ್‌ವೇರ್ ಗೆಳೆಯರು ಇದೇ ಮಾತನ್ನು ಮಂತ್ರದಂತೆ ಪಠಿಸುತ್ತಾರೆ. ಪರಿಹಾರವೂ ಅವರ ಬಳಿ ಸಿದ್ಧ: ಕೀಲನ್ನು ಕತ್ತರಿಸಿ, ಇಲ್ಲವೇ ಕೆಳಗೊಂದು ರೆಕ್ಕೆ ಸೇರಿಸಿ.

ಈ ಅಭಿಪ್ರಾಯ ತಪ್ಪು ಎನ್ನುವುದು ನನ್ನ ವಾದ. ಪೂರ್ತಿ ಸುಳ್ಳೆಂದು ಹೇಳುತ್ತಿಲ್ಲ, ಕಾಲುಭಾಗ ನಿಜವಿದೆ. ಆ ಕಾಲುಭಾಗ ಉಳಿದ ಮುಕ್ಕಾಲನ್ನು ಮುಚ್ಚಿಹಾಕುತ್ತಿದೆ ಎಂಬುದೇ ತಕರಾರು.

ಕೀಲ್ ಎಂದರೆ ದೋಣಿಯ ಅಡಿಯಲ್ಲಿ ನೀರಿಗಿಳಿದಿರುವ ಹಲಗೆಯಂಥ ಭಾಗ. ಗಾಳಿ ಎದುರಿನಿಂದ ಬೀಸುವಾಗ ಹಾಯಿಯ ಮೇಲಿನ ಒತ್ತಡದಲ್ಲಿ ದೋಣಿಯನ್ನು ಮುಂದಕ್ಕೆ ಎಳೆಯುವುದು ಸಣ್ಣ ಪಾಲು, ಪಕ್ಕಕ್ಕೆ ತಳ್ಳುವುದು ದೊಡ್ಡ ಪಾಲು. ಆ ಪಕ್ಕದ ತಳ್ಳಾಟವನ್ನು ತಡೆಯುವುದು ಕೀಲಿನ ಕೆಲಸ. ಇಂದಿನ ದೋಣಿಗಳಲ್ಲಿ ಅದು ಕಿರಿದಾಗಿ, ಆಳವಾಗಿ, ಮೀನಿನ ರೆಕ್ಕೆಯ ಆಕಾರದಲ್ಲಿ ಇರುತ್ತದೆ. ಚುಕ್ಕಾಣಿ ಅದರಿಂದ ಬೇರೆಯಾಗಿ ಹಿಂದೆಲ್ಲೋ ತೂಗುತ್ತದೆ. ಹಳೆಯ ಬಗೆಯಲ್ಲಿ ಕೀಲು ದೋಣಿಯ ಉದ್ದಕ್ಕೂ ಹರಿದು, ಅದರ ಹಿಂದಿನ ಅಂಚಿಗೇ ಚುಕ್ಕಾಣಿ ಅಂಟಿಕೊಂಡಿರುತ್ತದೆ. ಕಿರಿದು–ಆಳದ ರೆಕ್ಕೆ ಅಗಲ–ಗಿಡ್ಡ ರೆಕ್ಕೆಗಿಂತ ಕಡಿಮೆ ಎಳೆತದಲ್ಲಿ ಹೆಚ್ಚು ಹಿಡಿತ ಕೊಡುತ್ತದೆ. ವಿಮಾನದ ರೆಕ್ಕೆಗೂ ಇದೇ ಸೂತ್ರ. ನಾನು ಒಪ್ಪುವ ಕಾಲುಭಾಗ ಇಷ್ಟೇ.

ಬೆಂಗಳೂರಿನವರಿಗೆ ಈ ಅಭಿಪ್ರಾಯ ಬಂದದ್ದೆಲ್ಲಿಂದ ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಇಲ್ಲಿ ಹಾಯಿ ಹಿಡಿಯಲು ಕಲಿಯುವವರು ಕಲಿಯುವುದು ಪುಟ್ಟ ಡಿಂಗಿಗಳಲ್ಲಿ. ಹಲಸೂರು ಕೆರೆಯಲ್ಲಿ ಸೇನೆಯ ಎಂಜಿನಿಯರುಗಳು ಓಡಿಸುವುದು ಅದೇ. ಡಿಂಗಿಯಲ್ಲಿ ನಡುವೆ ಒಂದು ಹಲಗೆ ನೇರ ಕೆಳಗಿಳಿಯುತ್ತದೆ. ಚುಕ್ಕಾಣಿ ಮುಟ್ಟಿದರೆ ಸಾಕು, ಬುಗುರಿಯ ಹಾಗೆ ತಿರುಗುತ್ತದೆ. ಕೆರೆಯಲ್ಲಿ ಅಲೆಯೂ ಇಲ್ಲ. ಈ ರೂಢಿ ಹತ್ತಿದ ಕೈ ಏಳೆಂಟು ಟನ್ ತೂಕದ ದೋಣಿಯ ಚುಕ್ಕಾಣಿ ಹಿಡಿದಾಗ ಅದು ತಿರುಗಲು ಹತ್ತು ಸೆಕೆಂಡು ತೆಗೆದುಕೊಂಡರೆ ‘ಇದು ಹೋಗೋದಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇನ್ನರ್ಧ ಬಂದದ್ದು ಕಂಪ್ಯೂಟರಿನಿಂದ. ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಕಾರಿನ, ವಿಮಾನದ ಮೈಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುವ ಎಂಜಿನಿಯರುಗಳಿಗೆ ಬರವಿಲ್ಲ. ಅಂಥ ಗೆಳೆಯನೊಬ್ಬ ಶನಿವಾರ ತನ್ನ ಲ್ಯಾಪ್‌ಟಾಪಿನಲ್ಲಿ ಎರಡು ಕೀಲುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದ. ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ಒತ್ತಡದ ನಕ್ಷೆ. ಉದ್ದ ಕೀಲಿನ ಕೆಳ ಅಂಚಿನಲ್ಲಿ ನೀರು ಸುಳಿಸುತ್ತಿ ಆಚೆ ಬದಿಗೆ ಸೋರಿಹೋಗುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ ದೋಣಿಗೆ ಅವನು ಕೊಟ್ಟ ಸ್ಥಿತಿ ನೋಡಿ: ನೆಟ್ಟಗೆ ನಿಂತಿದೆ, ವಾಲಿಲ್ಲ, ನೀರು ಕನ್ನಡಿಯಷ್ಟು ಸಮ, ಚುಕ್ಕಾಣಿ ಸೊನ್ನೆ ಡಿಗ್ರಿಯಲ್ಲಿದೆ, ತಳದಲ್ಲಿ ಒಂದು ಚಿಪ್ಪೂ ಅಂಟಿಲ್ಲ, ಪ್ರೊಪೆಲರ್ ಇಲ್ಲವೇ ಇಲ್ಲ, ಎರಡಕ್ಕೂ ವೇಗ ಒಂದೇ. ಇಂಥ ದೋಣಿ ಅರಬ್ಬಿ ಸಮುದ್ರದಲ್ಲಿ ಇನ್ನೂ ಕಂಡಿಲ್ಲ. ಪಟ್ಟಿಯಲ್ಲಿ ಅವನು ಕೈಬಿಟ್ಟ ಒಂದೊಂದರಲ್ಲೂ ದೋಣಿ ಕಳೆದುಕೊಳ್ಳುವುದನ್ನು ಕೂಡಿಸಿದರೆ ಕೀಲಿನ ಆಕಾರದಿಂದ ಆಗುವ ನಷ್ಟ ಅದರ ಮುಂದೆ ಚಿಕ್ಕದಾಗಿ ಕಾಣುತ್ತದೆ.

ಕೀಲು ಉದ್ದವಾಗಿದ್ದರೆ ದೋಣಿ ಗಾಳಿಗೆ ಒತ್ತಿ ಹೋಗುವುದೇ ಇಲ್ಲ ಎಂಬುದು ನಿಜವಾಗಿದ್ದರೆ ಡ್ರ್ಯಾಗನ್ ಎಂಬ ದೋಣಿ ಇರಲೇಬಾರದಿತ್ತು. 1929ರಲ್ಲಿ ನಾರ್ವೆಯ ಯೋಹಾನ್ ಆಂಕರ್ ರೂಪಿಸಿದ್ದು, 8.9 ಮೀಟರ್ ಉದ್ದ, ನೀರಿನಲ್ಲಿ ಆಳ ಬರೀ 1.2 ಮೀಟರ್, ಉದ್ದ ಕೀಲು, ಅದರ ಅಂಚಿಗೇ ಅಂಟಿದ ಚುಕ್ಕಾಣಿ. 1948ರಿಂದ 1972ರವರೆಗೆ ಒಲಿಂಪಿಕ್ಸ್‌ನಲ್ಲಿ ಓಡಿತು. ಇಂದಿಗೂ ಅದರ ಪಂದ್ಯಗಳು ನಡೆಯುತ್ತವೆ. ಗಾಳಿಗೆ ಎದುರಾಗಿ ಅದು ಏರುವುದನ್ನು ಕಂಡು ಹೊಸ ಕಾಲದ ಎಷ್ಟೋ ದೋಣಿಯವರು ಹೊಟ್ಟೆ ಉರಿದುಕೊಂಡಿದ್ದಾರೆ. ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯದ 12 ಮೀಟರ್ ವರ್ಗದ ದೋಣಿಗಳದ್ದೂ ಅದೇ ಕಥೆ. 1967ರಲ್ಲಿ ಓಲಿನ್ ಸ್ಟೀಫನ್ಸ್ ‘ಇಂಟ್ರೆಪಿಡ್’ ದೋಣಿಯಲ್ಲಿ ಚುಕ್ಕಾಣಿಯನ್ನು ಕೀಲಿನಿಂದ ಬೇರ್ಪಡಿಸುವ ತನಕ ಆ ಕಪ್ ಗೆದ್ದ ದೋಣಿಗಳಲ್ಲಿ ಚುಕ್ಕಾಣಿ ಇದ್ದದ್ದು ಕೀಲಿಗೆ ಅಂಟಿಕೊಂಡೇ. ಓಟದ ದೊಡ್ಡ ಪಾಲು ಎದುರುಗಾಳಿಯ ಓಟ. ಅಲ್ಲಿ ಹೋಗಲಾರದ ದೋಣಿ ಕಪ್ ಮುಟ್ಟುತ್ತಿರಲಿಲ್ಲ.

ಡ್ರ್ಯಾಗನ್ನಿಗೂ ಗೋವಾದ ಜೆಟ್ಟಿಯಲ್ಲಿ ಮಾರಾಟಕ್ಕೆ ನಿಂತ ಹಳೆ ಪ್ರವಾಸಿ ದೋಣಿಗೂ ಹಾಗಾದರೆ ವ್ಯತ್ಯಾಸವೇನು? ಡ್ರ್ಯಾಗನ್ ಎರಡು ಮೀಟರಿಗೂ ಕಡಿಮೆ ಅಗಲದ ಸಪೂರ ದೋಣಿ, ತೂಕದ ಅರ್ಧಕ್ಕಿಂತ ಹೆಚ್ಚು ಕೀಲಿನಲ್ಲೇ ಇದೆ, ಆದ್ದರಿಂದ ಬೇಗ ವಾಲಿ ಮಲಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಾಯಿ ಹೊತ್ತ ಅದರ ಕೂವೆಮರ, ಅದನ್ನು ಹಿಡಿದ ತಂತಿಗಳು, ಹಾಯಿಯ ಉಬ್ಬು ಇವೆಲ್ಲವನ್ನೂ ಕೂತಲ್ಲೇ ಹಗ್ಗ ಎಳೆದು ಗಾಳಿಗೆ ತಕ್ಕಂತೆ ಬದಲಿಸಬಹುದು. ಪ್ರವಾಸಿ ದೋಣಿಯಲ್ಲಿ ಹತ್ತು ವರ್ಷದಿಂದ ತಂತಿಯ ಸ್ಕ್ರೂ ಯಾರೂ ತಿರುಗಿಸಿಲ್ಲ, ಅದು ತುಕ್ಕು ಹಿಡಿದು ಕೂತಿದೆ. ಕೀಲು ಎರಡರಲ್ಲೂ ಉದ್ದವೇ.

ಈಗ ಲೆಕ್ಕಕ್ಕೆ ಬರೋಣ. ಕಾಡುಗೋಡಿಯ ಗೆಳೆಯರಿಗೆ ಲೆಕ್ಕವಿಲ್ಲದೆ ಏನೂ ರುಚಿಸುವುದಿಲ್ಲ.

ಕೀಲು ನೀರನ್ನು ಹಿಡಿಯುವ ಬಲ ವೇಗದ ವರ್ಗಕ್ಕೆ ಅನುಗುಣ. ವೇಗ ಅರ್ಧವಾದರೆ ಹಿಡಿತ ಕಾಲುಭಾಗಕ್ಕೆ ಇಳಿಯುತ್ತದೆ. ಆ ಕೊರತೆ ತುಂಬಲು ದೋಣಿ ಇನ್ನಷ್ಟು ಓರೆಯಾಗಿ ಪಕ್ಕಕ್ಕೆ ಜಾರಬೇಕಾಗುತ್ತದೆ. ಆಳದ ರೆಕ್ಕೆ ಕೀಲಿಗೆ ಇದು ಹೇಗೋ ನಡೆದೀತು. ಗಿಡ್ಡ–ಉದ್ದ ಕೀಲಿಗೆ ವೇಗವೇ ಪ್ರಾಣ. ಒಂದು ಉದಾಹರಣೆ ಇಟ್ಟುಕೊಳ್ಳಿ. ದೋಣಿಯ ಮೂತಿಯನ್ನು ಗಾಳಿಗೆ 45 ಡಿಗ್ರಿಯಲ್ಲಿ ಹಿಡಿದಿದ್ದೀರಿ, ವೇಗ 4 ನಾಟ್, ಪಕ್ಕಕ್ಕೆ ಜಾರುವುದು 10 ಡಿಗ್ರಿ ಎಂದುಕೊಳ್ಳಿ. ಅಂದರೆ ನಿಜವಾದ ದಾರಿ 55 ಡಿಗ್ರಿ. ಗಾಳಿ ಬರುವ ದಿಕ್ಕಿಗೆ ಗಳಿಕೆ ಗಂಟೆಗೆ ಸುಮಾರು 2.3 ನಾಟಿಕಲ್ ಮೈಲು. ಈಗ ಮೂತಿಯನ್ನು ಐದು ಡಿಗ್ರಿ ಸಡಿಲಿಸಿ 50ಕ್ಕೆ ತನ್ನಿ. ಹಾಯಿಗೆ ಉಸಿರು ಬರುತ್ತದೆ, ವೇಗ 5 ನಾಟ್‌ಗೆ ಏರುತ್ತದೆ. ಹಿಡಿತ ವೇಗದ ವರ್ಗದಲ್ಲಿ ಹೆಚ್ಚಿದ್ದರಿಂದ ಜಾರುವುದು ಆರು ಡಿಗ್ರಿ ಚಿಲ್ಲರೆಗೆ ಇಳಿಯುತ್ತದೆ. ನಿಜವಾದ ದಾರಿ 56 ಡಿಗ್ರಿ ಚಿಲ್ಲರೆ. ಗಳಿಕೆ ಸುಮಾರು 2.8 ಮೈಲು. ನೀರಿನ ಮೇಲೆ ಎಳೆದ ಗೆರೆ ಹೆಚ್ಚುಕಡಿಮೆ ಅದೇ, ಗಳಿಕೆ ಮಾತ್ರ ಐದನೇ ಒಂದು ಪಾಲು ಹೆಚ್ಚು. ಹತ್ತು ಗಂಟೆ ಹೋದರೆ ಐದು ಮೈಲಿನಷ್ಟು ಮುಂದೆ. ಖರ್ಚು ಒಂದು ಪೈಸೆಯೂ ಇಲ್ಲ.

ಇದನ್ನು ಮಾಡುವವರು ಕಡಿಮೆ. ಮೂತಿ ಗಾಳಿಯತ್ತ ಇದ್ದಷ್ಟೂ ಬೇಗ ತಲುಪುತ್ತೇವೆ ಎಂಬುದು ಕಣ್ಣು ಮಾಡುವ ಮೋಸ. ಡಿಂಗಿಯಲ್ಲಿ ಕಲಿತವನು ಹಿಡಿಯುವುದು ಮೂತಿಯನ್ನೇ. ದೋಣಿ ನಿಧಾನವಾಗುತ್ತದೆ, ಜಾರುತ್ತದೆ, ಇನ್ನಷ್ಟು ನಿಧಾನವಾಗುತ್ತದೆ. ಅವನು ಮೂತಿಯನ್ನು ಇನ್ನಷ್ಟು ಒತ್ತುತ್ತಾನೆ. ಸಂಜೆ ದಡಕ್ಕೆ ಬಂದು ಕೀಲನ್ನು ಬೈಯುತ್ತಾನೆ.

ಅಭಿಲಾಷ್ ಟೋಮಿಯವರ ಎರಡು ದೋಣಿಗಳ ಕಥೆಯನ್ನೂ ಜನ ಇದೇ ಅಭಿಪ್ರಾಯಕ್ಕೆ ಪುರಾವೆಯಾಗಿ ಬಳಸುತ್ತಾರೆ. ಅದು ಹೇಳುವುದು ಬೇರೆಯೇ. ಗೋಲ್ಡನ್ ಗ್ಲೋಬ್ ಪಂದ್ಯದ ನಿಯಮದಂತೆ ದೋಣಿ 32ರಿಂದ 36 ಅಡಿ ಉದ್ದವಿರಬೇಕು, ವಿನ್ಯಾಸ 1988ಕ್ಕಿಂತ ಹಿಂದಿನದಾಗಿರಬೇಕು, ಕೀಲು ಉದ್ದವಾಗಿದ್ದು ಚುಕ್ಕಾಣಿ ಅದರ ಅಂಚಿಗೇ ಇರಬೇಕು. 2018ರಲ್ಲಿ ಅವರು ಹೊರಟದ್ದು ಗೋವಾದ ಅಕ್ವೇರಿಯಸ್ ಶಿಪ್‌ಯಾರ್ಡಿನಲ್ಲಿ ಕಟ್ಟಿದ ‘ತುರಿಯಾ’ದಲ್ಲಿ. ಅದು ‘ಸುಹೈಲಿ’ಯ ಪ್ರತಿರೂಪ. ಮುಂಬೈಯಲ್ಲಿ ಸಾಗುವಾನಿಯಲ್ಲಿ ಕಟ್ಟಿದ ಆ ‘ಸುಹೈಲಿ’ಯಲ್ಲೇ ರಾಬಿನ್ ನಾಕ್ಸ್-ಜಾನ್ಸ್‌ಟನ್ 1968ರ ಜೂನ್ 14ರಂದು ಹೊರಟು 1969ರ ಏಪ್ರಿಲ್ 22ರಂದು ಮರಳಿ, 312 ದಿನಗಳಲ್ಲಿ ಎಲ್ಲೂ ನಿಲ್ಲದೆ ಒಬ್ಬಂಟಿಯಾಗಿ ಭೂಮಿ ಸುತ್ತಿದ ಮೊದಲಿಗರಾದರು. ‘ತುರಿಯಾ’ದ ಕೂವೆಮರ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, 2018ರ ಸೆಪ್ಟೆಂಬರ್ 21ರಂದು, ಚಂಡಮಾರುತದಲ್ಲಿ ಮುರಿಯಿತು, ಬೆನ್ನಿಗೆ ಪೆಟ್ಟು ಬಿದ್ದ ಟೋಮಿಯವರನ್ನು ಫ್ರೆಂಚ್ ಹಡಗು ‘ಒಸಿರಿಸ್’ ಎತ್ತಿಕೊಂಡಿತು. ಮುಂದಿನ ಪಂದ್ಯಕ್ಕೆ ಅವರು ಆರಿಸಿಕೊಂಡದ್ದು ‘ಬಯಾನತ್’ ಎಂಬ ರಸ್ಲರ್ 36. ಅದೂ ಉದ್ದ ಕೀಲಿನ ದೋಣಿಯೇ.

ಎರಡನ್ನೂ ‘ಉದ್ದ ಕೀಲು’ ಎಂಬ ಒಂದೇ ಚೀಲಕ್ಕೆ ತುಂಬುವುದರಲ್ಲೇ ಗೊಂದಲ ಶುರುವಾಗುತ್ತದೆ. ‘ಸುಹೈಲಿ’ಯ ಮೂಲ 1920ರ ದಶಕದ ‘ಎರಿಕ್’ ವಿನ್ಯಾಸ. ಅದರ ಬೇರು ನಾರ್ವೆಯ ಕಾಲಿನ್ ಆರ್ಚರ್ ರೂಪಿಸಿದ ಜೀವರಕ್ಷಕ ದೋಣಿಗಳಲ್ಲಿ. ಬಿರುಗಾಳಿಯಲ್ಲಿ ಮೀನುಗಾರರನ್ನು ಉಳಿಸಲು ಮಾಡಿದ್ದು: ದಪ್ಪ ಮೈ, ಮುಂದಿನಿಂದ ಹಿಂದಿನವರೆಗೂ ಕೀಲು, ಎತ್ತರ ಕಡಿಮೆಯ ಹಾಯಿ. ರಸ್ಲರ್ 36 ಅರ್ಧ ಶತಮಾನ ಈಚಿನದು. ಅದರ ಕೀಲು ಮುಂಭಾಗದಲ್ಲಿ ಓರೆಯಾಗಿ ಮೇಲೇರುತ್ತದೆ, ಮೈ ಸಪೂರ, ಒಂದೇ ಕೂವೆಮರ, ಅದರ ಹಾಯಿ ಎತ್ತರ. ಒಂದೇ ಜಾತಿಯೊಳಗೆ ಇಷ್ಟು ಅಂತರವಿರುವಾಗ ಜಾತಿಯನ್ನೇ ದೂರಿ ಏನು ಪ್ರಯೋಜನ?

ಗೋಲ್ಡನ್ ಗ್ಲೋಬ್ ದಾರಿಯ ಬಹುಪಾಲು ಹಿಂಗಾಳಿಯದ್ದು, ಆದ್ದರಿಂದ ಎದುರುಗಾಳಿಯ ವಾದಕ್ಕೆ ಅದು ಸಾಕ್ಷಿಯಲ್ಲ ಎಂದು ಯಾರಾದರೂ ಕೇಳಿದರೆ ಒಪ್ಪುತ್ತೇನೆ. ಅಟ್ಲಾಂಟಿಕ್‌ನಲ್ಲಿ ಉತ್ತರಕ್ಕೆ ಮರಳುವಾಗ ಈಶಾನ್ಯದ ವಾಣಿಜ್ಯ ಮಾರುತಕ್ಕೆ ಒತ್ತಿ ಸಾಗಬೇಕಾದ ದೀರ್ಘ ಭಾಗವೊಂದಿದೆ ನಿಜ. ಆದರೂ ಪಂದ್ಯದ ಫಲಿತಾಂಶವನ್ನೇ ನಾನು ಪುರಾವೆ ಮಾಡುತ್ತಿಲ್ಲ. ನನಗೆ ಬೇಕಾದದ್ದು ಅಲ್ಲಿನವರು ಪಂದ್ಯಕ್ಕೆ ಮುಂಚೆ ದೋಣಿಗೆ ಏನು ಮಾಡಿದರು ಎಂಬುದು. 2018ರ ಪಂದ್ಯವನ್ನು 211 ದಿನಗಳಲ್ಲಿ ಗೆದ್ದ ಫ್ರಾನ್ಸಿನ ಜಾನ್-ಲುಕ್ ವಾನ್ ಡೆನ್ ಹೇಡ್ ಅವರದ್ದೂ ರಸ್ಲರ್ 36. ಕೀಲಿನ ಆಕಾರ ಬದಲಿಸಲು ನಿಯಮ ಬಿಡುತ್ತಿರಲಿಲ್ಲ. ಅವರು ಗರಗಸ ಇಟ್ಟದ್ದು ಕೂವೆಮರಕ್ಕೆ: ಒಂದೂವರೆ ಮೀಟರ್ ಕತ್ತರಿಸಿ ಗಿಡ್ಡ ಮಾಡಿದರು. ಹಾಯಿ ಕಡಿಮೆಯಾದರೆ ವೇಗವೂ ಕಡಿಮೆಯಾಗಬೇಕಲ್ಲ? ಗಾಳಿ ಜೋರಿರುವಲ್ಲಿ ಹಾಗಾಗುವುದಿಲ್ಲ. ಮೇಲಿನ ತೂಕ ಇಳಿದಂತೆ ದೋಣಿ ಕಡಿಮೆ ವಾಲುತ್ತದೆ, ಕಡಿಮೆ ತೂಗಾಡುತ್ತದೆ. ಕೀಲು ನೀರಿನಲ್ಲಿ ಹೆಚ್ಚು ನೆಟ್ಟಗೆ ನಿಲ್ಲುತ್ತದೆ. ಎಪ್ಪತ್ತು ದಾಟಿದ, ಆರನೇ ಬಾರಿ ಭೂಮಿ ಸುತ್ತಲು ಹೊರಟ ಮನುಷ್ಯ ಕೀಲಿನ ಕೊರತೆಯನ್ನು ಆಕಾಶದ ಕಡೆಯಿಂದ ತುಂಬಿಕೊಂಡ.

ಟೋಮಿಯವರ ‘ಬಯಾನತ್’ನಲ್ಲಿ ತಾನಾಗಿ ದಾರಿ ಹಿಡಿಯುವ ಗಾಳಿ-ಚುಕ್ಕಾಣಿಯ ರೆಕ್ಕೆ ಮುರಿದಾಗ ಅವರು ಶೌಚಾಲಯದ ಬಾಗಿಲನ್ನು ಕೊಯ್ದು ರೆಕ್ಕೆ ಮಾಡಿಕೊಂಡ ಸುದ್ದಿ ಆಗ ಎಲ್ಲರನ್ನೂ ನಗಿಸಿತ್ತು. ಅದರಲ್ಲಿ ನಮ್ಮ ವಿಷಯಕ್ಕೆ ಬೇಕಾದ ಒಂದಂಶವಿದೆ. ಗಾಳಿ-ಚುಕ್ಕಾಣಿಯ ಬಲ ಬಹಳ ಕಡಿಮೆ. ಹಾಯಿಗಳ ನಡುವೆ ಸಮತೋಲ ಇಲ್ಲದ ದೋಣಿಯನ್ನು ಅದು ಹಿಡಿಯಲಾರದು. ತಾತ್ಕಾಲಿಕ ಹಲಗೆಯೊಂದು ಸಾವಿರಾರು ಮೈಲು ದೋಣಿಯನ್ನು ನಡೆಸಿದೆ ಎಂದರೆ ಚುಕ್ಕಾಣಿಯ ಮೇಲೆ ಹೊರೆ ಬೀಳದಂತೆ ಹಾಯಿ ಕಟ್ಟುವುದು ಆ ಮನುಷ್ಯನಿಗೆ ಕರಗತವಾಗಿತ್ತು ಎಂದರ್ಥ.

ಉದ್ದ ಕೀಲಿನ ದೋಣಿಗಳ ದೊಡ್ಡ ಕಳ್ಳನೂ ಅಲ್ಲೇ ಕೂತಿರುತ್ತಾನೆ, ಚುಕ್ಕಾಣಿಯಲ್ಲಿ. ಗಾಳಿ ಏರಿದಂತೆ ದೋಣಿ ವಾಲುತ್ತದೆ, ವಾಲಿದಂತೆ ತಾನಾಗಿ ಗಾಳಿಯತ್ತ ಮೂತಿ ತಿರುಗಿಸಲು ನೋಡುತ್ತದೆ. ತಡೆಯಲು ನೀವು ಚುಕ್ಕಾಣಿಯ ಹಿಡಿಯನ್ನು ಎದೆಗೆ ಎಳೆದುಕೊಳ್ಳುತ್ತೀರಿ. ನಾಲ್ಕೈದು ಡಿಗ್ರಿಯವರೆಗೆ ಅದು ಕೀಲಿಗೆ ನೆರವು. ಹದಿನೈದು ಡಿಗ್ರಿಯಾದರೆ, ನೀರಿಗೆ ಅಡ್ಡ ಹಿಡಿದ ಬಾಗಿಲು. ದೋಣಿ ‘ಹೋಗುವುದಿಲ್ಲ’ ಎನ್ನುವವರ ತೋಳು ಸಂಜೆಗೆ ನೋಯುತ್ತಿರುತ್ತದೆ ಎಂಬುದನ್ನು ಗಮನಿಸಿ. ಅಷ್ಟೂ ಬಲ ಬ್ರೇಕ್ ಒತ್ತುವುದಕ್ಕೇ ಹೋಗಿದೆ. ದೊಡ್ಡ ಹಾಯಿಯನ್ನು ಎಲ್ಲರಿಗಿಂತ ಮುಂಚೆ ಒಂದು ಮಡಿಕೆ ಇಳಿಸಿದರೆ, ಕೂವೆಮರ ಹಿಂದಕ್ಕೆ ವಾಲಿದ್ದನ್ನು ಸ್ವಲ್ಪ ನೆಟ್ಟಗೆ ಮಾಡಿದರೆ, ಈ ಬ್ರೇಕ್ ತಾನಾಗಿ ಸಡಿಲುತ್ತದೆ.

ಎರಡನೆಯ ಕಳ್ಳನನ್ನು ಕಾಣಲು ದೋಣಿ ಎದುರುಗಾಳಿಗೆ ಓಡುತ್ತಿರುವಾಗ ಮೂತಿಯವರೆಗೆ ತೆವಳಿ ಹೋಗಿ, ಮುಂದಿನ ತಂತಿಯ ಬುಡಕ್ಕೆ ಕೆನ್ನೆ ಇಟ್ಟು ಮೇಲೆ ನೋಡಬೇಕು. ಬಂದರಿನಲ್ಲಿ ನೇರವಾಗಿ ಕಂಡ ಆ ತಂತಿ ಈಗ ನಡುವೆ ಗಾಳಿ ಹೋಗುವ ಕಡೆಗೆ ಬಿಲ್ಲಿನಂತೆ ಬಾಗಿರುತ್ತದೆ. ಹಳೆ ದೋಣಿಯಲ್ಲಿ ಈ ಬಾಗು ಒಂದು ಗೇಣು ಮೀರಿದರೂ ಆಶ್ಚರ್ಯವಿಲ್ಲ. ಮುಂಹಾಯಿ ನೇತಾಡುವುದು ಅದೇ ತಂತಿಗೆ. ತಂತಿ ಬಾಗಿದಷ್ಟೂ ಹಾಯಿಯ ಹೊಟ್ಟೆ ಉಬ್ಬುತ್ತದೆ, ಎಳೆಯುವ ಬಲ ಮುಂದಕ್ಕಿಂತ ಪಕ್ಕಕ್ಕೆ ಹೊರಳುತ್ತದೆ. ಹಾಯಿಯ ಮುಂದಂಚಿನ ಬಳಿ ಉಣ್ಣೆಯ ಎಳೆ ಅಂಟಿಸಿದ್ದರೆ ಮೂತಿಯನ್ನು ಎರಡು ಡಿಗ್ರಿ ಒತ್ತಿದ ಕೂಡಲೇ ಒಳಬದಿಯ ಎಳೆ ಎದ್ದು ಒದ್ದಾಡುವುದು ಕಾಣುತ್ತದೆ. ಹಿಂದಿನ ತಂತಿಯನ್ನು ಬಿಗಿದು ಮುಂದಿನದನ್ನು ನೇರ ಮಾಡಿದರೆ ಎಳೆ ಮತ್ತೆ ಮಲಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್ ಮತ್ತು ಅರ್ಧ ಗಂಟೆ. ಹದಿನೈದು ವರ್ಷದ, ಬೆಡ್‌ಶೀಟಿನ ಹಾಗೆ ಮೆತ್ತಗಾದ ಹಾಯಿಯಾದರೆ ಸ್ಪ್ಯಾನರ್ ಸಾಲದು. ಹೊಸ ಹಾಯಿ ದುಬಾರಿಯೇ. ಆದರೆ ಕೀಲು ಕೊಯ್ಯುವ ದುಡ್ಡಿನ ಮುಂದೆ ಅದು ಅಗ್ಗ, ಅನುಮಾನವೂ ಕಡಿಮೆ.

ತಳದ ಮಾತು ಬೇಗ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ನಮ್ಮ ಕಡಲಿನ ಬೆಚ್ಚಗಿನ ನೀರಿನಲ್ಲಿ ಬಾರ್ನಕಲ್ ಎಂಬ ಚಿಪ್ಪಿನ ಜೀವಿ ವಾರಗಳಲ್ಲಿ ಮೈಗೆ ಹತ್ತುತ್ತದೆ. 2022ರ ಗೋಲ್ಡನ್ ಗ್ಲೋಬ್‌ನಲ್ಲೂ ಅದರ ಕಾಟ ಸಣ್ಣದಾಗಿರಲಿಲ್ಲ. ಕರಾವಳಿಯ ಮರದ ದೋಣಿಗಳನ್ನು ಮಳೆಗಾಲದಲ್ಲಿ ಮೇಲೆಳೆದು, ಕೆರೆದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದದ್ದು ಶಾಸ್ತ್ರಕ್ಕಲ್ಲ. ಪ್ರೊಪೆಲರಿನ ಬಗ್ಗೆ ಮಾತ್ರ ಒಂದು ಮಾತು. ಉದ್ದ ಕೀಲಿನ ದೋಣಿಯಲ್ಲಿ ಅದು ಕೀಲಿಗೂ ಚುಕ್ಕಾಣಿಗೂ ನಡುವಿನ ಕಿಂಡಿಯಲ್ಲಿರುತ್ತದೆ. ಮೂರು ಎಸಳಿನದಾದರೆ ಹೇಗೆ ನಿಲ್ಲಿಸಿದರೂ ಎಸಳು ನೀರಿಗೆ ಅಡ್ಡ. ಎರಡು ಎಸಳಿನದನ್ನು ಹಾಕಿ, ದೋಣಿಯೊಳಗೆ ಶಾಫ್ಟಿನ ಮೇಲೆ ಒಂದು ಬಣ್ಣದ ಗೆರೆ ಎಳೆದಿಟ್ಟರೆ ಆಯಿತು: ಎಂಜಿನ್ ನಿಲ್ಲಿಸಿ, ಗೆರೆ ಮೇಲೆ ಬರುವ ಹಾಗೆ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ಗೇರ್ ಹಾಕಿದರೆ ಎರಡೂ ಎಸಳು ಕೀಲಿನ ದಪ್ಪದ ಹಿಂದೆ ನೇರ ನಿಂತು ಮರೆಯಾಗುತ್ತವೆ. ರೆಕ್ಕೆ ಕೀಲಿನ ದೋಣಿಗೆ ಈ ಸವಲತ್ತು ಇಲ್ಲ. ಅಲ್ಲಿ ಮಡಚುವ ಪ್ರೊಪೆಲರನ್ನೇ ಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ತಿರುಗುವಾಗಿನ ನಷ್ಟ ಉಳಿಯುತ್ತದೆ. ಉದ್ದ ಕೀಲಿನ ದೋಣಿ ಗಾಳಿಯನ್ನು ದಾಟಿ ಮಗ್ಗುಲು ಬದಲಿಸಲು ಹೊತ್ತು ತೆಗೆದುಕೊಳ್ಳುತ್ತದೆ, ಪ್ರತಿ ಸಲವೂ ವೇಗ ಸಾಯುತ್ತದೆ. ಇದಕ್ಕೆ ಉತ್ತರ ಸಿಗುವುದು ನಮ್ಮ ಕರಾವಳಿಯಲ್ಲೇ, ಅದೂ ಎಂಜಿನ್ ಬರುವ ಮುಂಚಿನ ಪತ್ತೆಮಾರಿ, ಮಂಜಿ ಎಂಬ ಸರಕಿನ ಹಾಯಿಹಡಗುಗಳಲ್ಲಿ. ಇಲ್ಲಿ ಇನ್ನೊಂದು ಒಪ್ಪಿತ ಅಭಿಪ್ರಾಯ ಅಡ್ಡ ಬರುತ್ತದೆ: ನಮ್ಮ ಹಳೆ ಹಡಗುಗಳು ಗಾಳಿ ತಳ್ಳಿದತ್ತ ಹೋಗುತ್ತಿದ್ದವು, ತಿರುಗಿ ಬರಲು ಗಾಳಿ ಬದಲಾಗುವ ತನಕ ತಿಂಗಳುಗಟ್ಟಲೆ ಕಾಯುತ್ತಿದ್ದವು ಎಂಬುದು. ಅರೇಬಿಯಾಕ್ಕೆ ದಾಟುವ ಹಡಗುಗಳ ಮಟ್ಟಿಗೆ ಅದು ಸರಿ. ಮಂಗಳೂರಿನಿಂದ ಮುಂಬೈಗೆ ಹೆಂಚು ಹೊತ್ತು ಹೋಗುತ್ತಿದ್ದ ಪತ್ತೆಮಾರಿಯ ಮಟ್ಟಿಗೆ ಅಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಕರಾವಳಿಯುದ್ದಕ್ಕೂ ಹಾಯಿಯಲ್ಲೇ ಹೋಯಿತು. (ವೈಟ್‌ಫೀಲ್ಡಿನ ಹಳೆ ಬಂಗಲೆಗಳ ಮೇಲೂ ಮಂಗಳೂರು ಹೆಂಚಿದೆ, ಘಟ್ಟ ಹತ್ತಿ ಬಂದದ್ದು ಮಾತ್ರ ಹಾಯಿಯಲ್ಲಲ್ಲ.) ಮಳೆಗಾಲ ಕಳೆದು ಬಂದರು ತೆರೆದ ತಿಂಗಳುಗಳಲ್ಲಿ ಈ ಕರಾವಳಿಯಲ್ಲಿ ಮಧ್ಯಾಹ್ನ ಬೀಸುವುದು ವಾಯವ್ಯದ ಗಾಳಿ. ಮುಂಬೈ ಇರುವುದೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ. ಅಂದರೆ ಹೋಗುವ ದಾರಿಯುದ್ದಕ್ಕೂ ಎದುರುಗಾಳಿ.

ಪತ್ತೆಮಾರಿಯ ತ್ರಿಕೋನದಂಥ ದೊಡ್ಡ ಹಾಯಿಯನ್ನು ಹೊತ್ತ ಉದ್ದನೆಯ ಅಡ್ಡಮರ ಕೂವೆಮರದ ಒಂದು ಪಕ್ಕಕ್ಕಿರುತ್ತದೆ. ಮಗ್ಗುಲು ಬದಲಿಸಬೇಕಾದರೆ ದೋಣಿಯ ಬೆನ್ನನ್ನು ಗಾಳಿಗೆ ಕೊಟ್ಟು ಸುತ್ತು ಹೊಡೆದು, ಆ ಮರವನ್ನು ಮುಂದಿನಿಂದ ಈಚೆ ಪಕ್ಕಕ್ಕೆ ದಾಟಿಸಬೇಕು. ಖಲಾಸಿಗಳೆಲ್ಲ ಸೇರಿ ಮಾಡುವ ಕೆಲಸ. ಪ್ರತಿ ಸುತ್ತಿಗೂ ಗಳಿಸಿದ ದಾರಿಯಲ್ಲಿ ಸ್ವಲ್ಪ ಕೈಬಿಡುತ್ತದೆ. ಇಂಥ ಹಡಗು ದಿನಕ್ಕೆ ಇಪ್ಪತ್ತು ಸಲ ಅಂಕುಡೊಂಕು ಹೊಡೆದರೆ ಹೊರಟಲ್ಲೇ ಇರುತ್ತದೆ. ಹಡಗು ನಡೆಸುವ ತಾಂಡೇಲರಿಗೆ ಅದು ಗೊತ್ತಿತ್ತು. ರಾತ್ರಿ ನೆಲ ತಣ್ಣಗಾದ ಮೇಲೆ ಘಟ್ಟದ ಕಡೆಯಿಂದ ನೆಲಗಾಳಿ ಇಳಿಯುತ್ತದೆ. ಅದನ್ನು ಬಲಮಗ್ಗುಲಿಗೆ ಹಿಡಿದರೆ ವಾಯವ್ಯ ದಿಕ್ಕು ಎದುರೇ ಅಲ್ಲ. ಹಡಗು ಸಲೀಸಾಗಿ ಹೊರಗಡಲಿಗೆ ಓರೆಯಾಗಿ ಸಾಗುತ್ತದೆ. ಬೆಳಗ್ಗೆ ಗಾಳಿ ಸತ್ತು, ಮಧ್ಯಾಹ್ನ ಕಡಲಗಾಳಿ ಎದ್ದಾಗ ದಡದಿಂದ ಸಾಕಷ್ಟು ದೂರ ಇರುತ್ತದೆ. ಆಗ ಎಡಮಗ್ಗುಲಿಗೆ ಗಾಳಿ ಹಿಡಿದು ಉತ್ತರ–ಈಶಾನ್ಯಕ್ಕೆ ಮೂತಿ ಇಟ್ಟರೆ ಸಂಜೆಗೆ ಮತ್ತೆ ದಡದ ಹತ್ತಿರ, ಆದರೆ ಹೊರಟಲ್ಲಿಗಿಂತ ಬಹಳ ಉತ್ತರದಲ್ಲಿ. ಗಾಳಿಗೆ 65 ಡಿಗ್ರಿಗಿಂತ ಒತ್ತಿ ಹೋಗದ ಹಡಗಿಗೂ ಇದು ಸಾಧ್ಯ. ದಿನಕ್ಕೆ ಎರಡೇ ತಿರುವು. ಎರಡನ್ನೂ ಗಾಳಿ ಸತ್ತ ಹೊತ್ತಿನಲ್ಲಿ, ಕಳೆದುಕೊಳ್ಳಲು ಏನೂ ಇಲ್ಲದಾಗಲೇ ಮುಗಿಸಬಹುದು.

ಹೆಂಚು ತುಂಬಿದ್ದರಿಂದ ಒಡಲು ಭಾರ, ಹಡಗು ವಾಲುವುದು ಕಡಿಮೆ ಎಂಬುದನ್ನೂ ಸೇರಿಸಿಕೊಳ್ಳಿ. ಪತ್ತೆಮಾರಿಯನ್ನು ನಾನು ವೈಭವೀಕರಿಸುತ್ತಿಲ್ಲ. ಎದುರುಗಾಳಿಗೆ ಅದು ಡ್ರ್ಯಾಗನ್ನಿನ ಹತ್ತಿರಕ್ಕೂ ಬಾರದು. ಕಳೆದ ಕೆಲವು ವರ್ಷಗಳಲ್ಲಿ ಹಳೆ ನೌಕೆಗಳ ಬಗ್ಗೆ ಹುಟ್ಟಿರುವ ಹೆಮ್ಮೆಯ ಅಬ್ಬರ ನೋಡಿದರೆ ಈ ಎಚ್ಚರಿಕೆ ಬೇಕು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಸೇರ್ಪಡೆಯಾದ ಹೊಲಿಗೆಯ ಹಡಗು ‘ಕೌಂಡಿನ್ಯ’ದ ಹಾಯಿಯ ಮೇಲೆ ಗಂಡಭೇರುಂಡ ಕಂಡು ನಾನೂ ಹಿಗ್ಗಿದವನೇ, ಆದರೆ ಅದರ ಚೌಕದ ಹಾಯಿ ಎದುರುಗಾಳಿಗೆ ಮಾಡಿದ್ದಲ್ಲ. ಪತ್ತೆಮಾರಿಯಲ್ಲಿ ಮೆಚ್ಚಬೇಕಾದದ್ದು ಹಡಗಿಗಿಂತ ಅದರ ದಿನಚರಿ. ದೋಣಿಯ ದೌರ್ಬಲ್ಯ ಇರುವುದು ತಿರುವಿನಲ್ಲಿ ಎಂದಾದರೆ ತಿರುವನ್ನೇ ಕಡಿಮೆ ಮಾಡುವುದು ಮೊದಲ ಸುಧಾರಣೆ. ಗೋವಾದಿಂದ ಕಾರವಾರಕ್ಕೋ ಮಲ್ಪೆಗೋ ಹೋಗಿ ಮರಳುವ ವಾರಾಂತ್ಯದ ನಾವಿಕ ಬೆಳಗ್ಗೆ ಹತ್ತಕ್ಕೆ ತಿಂಡಿ ಮುಗಿಸಿ ಹೊರಟು, ನೆಲಗಾಳಿಯನ್ನು ಪೂರ್ತಿ ಕಳೆದುಕೊಂಡು, ಮಧ್ಯಾಹ್ನದ ವಾಯವ್ಯಕ್ಕೆ ಹಣೆ ಚಚ್ಚಿಕೊಳ್ಳುತ್ತಾನೆ. ಅವನ ಫೋನಿನಲ್ಲಿ ಗಂಟೆಗಂಟೆಯ ಗಾಳಿಯ ನಕ್ಷೆ ಇದೆ. ಅಲಾರಂ ಮಾತ್ರ ಇಟ್ಟಿಲ್ಲ.

ಕೀಲು ಕತ್ತರಿಸುವ ಪರಿಹಾರಕ್ಕೆ ಮರಳೋಣ. ಹಳೆ ಕೋಡ್ ಓದದೆ ‘ಪೂರ್ತಿ ಹೊಸದಾಗಿ ಬರೆಯೋಣ’ ಎನ್ನುವ ಹುಡುಗರನ್ನು ಇಲ್ಲಿನ ಯಾವ ಮ್ಯಾನೇಜರನೂ ಸುಲಭಕ್ಕೆ ನಂಬುವುದಿಲ್ಲ. ಶನಿವಾರ ದೋಣಿಯ ವಿಷಯಕ್ಕೆ ಬಂದಾಗ ಅದೇ ಮ್ಯಾನೇಜರ್ ಆ ಹುಡುಗನಾಗುತ್ತಾನೆ. ಉದ್ದ ಕೀಲಿನ ದೋಣಿಯಲ್ಲಿ ಭಾರ, ಕೂವೆಮರದ ಬುಡ, ಚುಕ್ಕಾಣಿ, ಮೈಯ ಬಲ ಎಲ್ಲವೂ ಒಂದನ್ನೊಂದು ನೆಚ್ಚಿ ನಿಂತಿವೆ. ಮುಂಭಾಗ ಕೊಯ್ದರೆ ನೀರಿನ ಹಿಡಿತದ ಕೇಂದ್ರ ಹಿಂದಕ್ಕೆ ಸರಿಯುತ್ತದೆ, ಹಾಯಿಯ ಸಮತೋಲವನ್ನು ಮತ್ತೆ ಕೂಡಿಸಬೇಕು. ಹಿಂಭಾಗ ಕೊಯ್ದರೆ ಚುಕ್ಕಾಣಿಗೆ ಆಸರೆ ಹೋಗುತ್ತದೆ. ಕೆಳಗೆ ರೆಕ್ಕೆ ಜೋಡಿಸಿದರೆ ಅದರ ಬುಡದ ಬೋಲ್ಟುಗಳ ಮೇಲೆ ಮೂಲ ವಿನ್ಯಾಸಕ ಕನಸಲ್ಲೂ ಎಣಿಸದ ತಿರುಚು ಬೀಳುತ್ತದೆ. ಕೀಲಿನ ಹಿಂದಂಚನ್ನು ಚೂಪಾಗಿ ಉಜ್ಜುವುದು, ಕೀಲಿಗೂ ಚುಕ್ಕಾಣಿಗೂ ನಡುವಿನ ಸಂದನ್ನು ಮುಚ್ಚುವುದು, ಇವೆರಡನ್ನು ಮಾಡಿ. ಮರಳುಕಾಗದದ ಕೆಲಸ, ಫಲ ಕಾಣುತ್ತದೆ. ಅದರಾಚೆಗೆ ಗರಗಸ ಬೇಡ.

ಎಲ್ಲ ಸರಿಮಾಡಿದ ಮೇಲೂ ಹೊಸ ಹಾಯಿಯ ರೆಕ್ಕೆ ಕೀಲಿನ ದೋಣಿ ಸಮನೀರಿನಲ್ಲಿ ಐದಾರು ಡಿಗ್ರಿ ಹೆಚ್ಚು ಒತ್ತಿ ಹೋಗುತ್ತದೆ. ಅದನ್ನು ಮುಚ್ಚಿಡಲು ಕಾರಣವಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ದೋಣಿ ಒಳಗೆ ಬರುವುದು ಅಳಿವೆಯ ಬಾಯಿಂದ. ಮಂಗಳೂರಿನಲ್ಲಿ ನೇತ್ರಾವತಿ–ಗುರುಪುರ ನದಿಗಳು ಸೇರುವಲ್ಲಿ, ಗಂಗೊಳ್ಳಿಯಲ್ಲಿ, ಮರಳಿನ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ. ಅಲ್ಲಿ ತಳ ತಾಗಿದಾಗ ಉದ್ದ ಕೀಲು ತನ್ನಷ್ಟಕ್ಕೆ ಮರಳಿನ ಮೇಲೆ ಕೂರುತ್ತದೆ, ಪ್ರೊಪೆಲರ್, ಚುಕ್ಕಾಣಿ ಎರಡೂ ಅದರ ಮರೆಯಲ್ಲಿ ಉಳಿಯುತ್ತವೆ. ಅಲೆ ಎತ್ತಿ ಎತ್ತಿ ಕುಕ್ಕಿದರೆ ಜೋಡಿಸಿದ ರೆಕ್ಕೆ ಮೊದಲು ಸಡಿಲುವುದು ಬುಡದಲ್ಲಿ. ಆ ಐದಾರು ಡಿಗ್ರಿ ಬೇಕೇಬೇಕು ಎನ್ನುವವರು ಈ ದೋಣಿಯನ್ನು ಹಾಗೇ ಮಾರಿ ಬೇರೆಯದನ್ನು ಕೊಳ್ಳಲಿ. ಕೀಲು ಕೊಯ್ದ ದೋಣಿಗೆ ಗೋವಾದಲ್ಲೂ ಗಿರಾಕಿ ಸಿಗುವುದು ಕಷ್ಟ.